ಉತಾರ ಕೇಳುವ ಪ್ರೋಗ್ರಾಮಿಂಗ್ ಭಾಷೆ

ಹಾವೇರಿ ತಾಲ್ಲೂಕಿನ ಕರ್ಜಗಿಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: ‘ನಮ್ಮ ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ರಾತ್ರಿ ತ್ರೀ ಫೇಸ್ ಬಂದರೆ ಮನೆಯಿಂದಲೇ ಫೋನ್ ಮಾಡಿ ಗೋವಿನಜೋಳಕ್ಕೆ ನೀರು ಬಿಡಬಹುದು. ಆದರೆ ಎಂಟು ಹತ್ತು ದಿನಕ್ಕೊಮ್ಮೆ ಡಬ್ಬಿ ಹ್ಯಾಂಗ್ ಆಗುತ್ತದೆ. ಹೊಲಕ್ಕೆ ಹೋಗಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿ. ಇಂಥವನ್ನು ರಸ್ಟ್ ಭಾಷೆಯಲ್ಲಿ ಬರೆದರೆ ಈ ಕಾಟ ತಪ್ಪುತ್ತದಂತೆ, ನಿಜವೇ?’

ಅರ್ಧ ನಿಜ. ಆ ಅರ್ಧ ಸ್ವಾರಸ್ಯವಾಗಿದೆ, ಅದನ್ನೇ ಮೊದಲು ನೋಡೋಣ.

ಫೋನಿನಲ್ಲಿ ಒಂದು ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದವು ತಮ್ಮ ಪಾಡಿಗೆ ನಡೆಯುತ್ತವೆ. ಸ್ಟಾರ್ಟರ್, ಎಲೆಕ್ಟ್ರಾನಿಕ್ ತಕ್ಕಡಿ, ಕರೆಂಟ್ ಮೀಟರ್ ಇವುಗಳೊಳಗಿನ ಅಗ್ಗದ ಚಿಪ್ಪಿನಲ್ಲಿ ಸಾಮಾನ್ಯವಾಗಿ ಆ ಗೋಡೆಗಳಿಲ್ಲ. ಮೆಮೊರಿ ಕೆಲವೇ ಕಿಲೋಬೈಟ್. ಸಿಮ್ ಜೊತೆ ಮಾತಾಡುವ ಕೋಡ್, ಫೇಸ್ ಅಳೆಯುವ ಕೋಡ್, ರಿಲೇ ಎಳೆಯುವ ಕೋಡ್ ಮೂರೂ ಅಷ್ಟರಲ್ಲೇ ಒಟ್ಟಿಗೆ ಸಂಸಾರ ಮಾಡಬೇಕು. ಬರುವ ಎಸ್ಸೆಮ್ಮೆಸ್ಸಿಗೆ 160 ಬೈಟ್ ಜಾಗ ಇಟ್ಟಿದ್ದಾರೆ ಎನ್ನಿ. ಯಾವುದೋ ಜಾಹೀರಾತು 170 ಬೈಟ್ ಬಂತು. ಸಿ ಭಾಷೆಯಲ್ಲಿ ಬರೆದ ಕೋಡ್ ಅಳತೆ ನೋಡದಿದ್ದರೆ ಮಿಕ್ಕ 10 ಬೈಟ್ ಪಕ್ಕದ ಜಾಗದ ಮೇಲೆ ಹೋಗಿ ಕೂರುತ್ತವೆ. ಅಲ್ಲಿ ಮೋಟರ್ ಚಾಲೂ ಇದೆಯೋ ಇಲ್ಲವೋ ಎಂಬ ಗುರುತು ಇದ್ದರೆ ಅದು ಅಳಿಸಿಹೋಯಿತು. ಯಾರಿಗೂ ಗೊತ್ತಾಗುವುದಿಲ್ಲ, ಸಿ ಒಂದು ಮಾತೂ ಆಡುವುದಿಲ್ಲ.

ಹೊಲ ಇದ್ದವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನದು ಬದು ಒತ್ತಿದ ಕೇಸು. ಇನ್ನೊಂದು ಬಗೆಯದು ಇನ್ನೂ ಕೆಟ್ಟದ್ದು: ಹೊಲ ಮಾರಿ ಆಗಿದೆ, ಹಳೆಯ ಉತಾರ (ಪಹಣಿ) ಮಾತ್ರ ಒಬ್ಬನ ಕಿಸೆಯಲ್ಲಿ ಉಳಿದಿದೆ, ಅವನು ಅದನ್ನೇ ನಂಬಿ ಕೂರಿಗೆ ಹೂಡುತ್ತಾನೆ. ಹೊಸ ಮಾಲೀಕ ಬಿತ್ತಿದ್ದು ಮಣ್ಣುಪಾಲು. ಬಿಟ್ಟುಕೊಟ್ಟ ಮೆಮೊರಿಯನ್ನು ಹಳೆಯ ಪಾಯಿಂಟರ್, ಅಂದರೆ ಹಳೆಯ ವಿಳಾಸ, ಹಿಡಿದು ಬಳಸುವುದು ಹೀಗೆಯೇ. ಮೂರನೆಯದು, ಒಂದೇ ಹೊಲವನ್ನು ಇಬ್ಬರಿಗೆ ಮಾರುವುದು. ನಾಲ್ಕನೆಯದು, ತಲಾಟಿ ಹೆಸರು ತಿದ್ದುತ್ತಿರುವಾಗಲೇ ಬ್ಯಾಂಕಿನವರು ನಕಲು ತೆಗೆದುಕೊಂಡು ಹೋಗುವುದು: ಅರ್ಧ ಹಳೆಯ ಹೆಸರು, ಅರ್ಧ ಹೊಸದು. ಸಿ ಭಾಷೆ ಇವೆಲ್ಲವನ್ನೂ ಮಾಡಲು ಬಿಡುತ್ತದೆ. ತಗಾದೆ ಏಳುವುದು ಬೆಳೆ ಕೈಗೆ ಬಂದಾಗ.

ರಸ್ಟ್ ಮಾಡುವುದಿಷ್ಟು. ಪ್ರತಿಯೊಂದು ಮೆಮೊರಿ ತುಂಡಿಗೂ ಯಾವಾಗಲೂ ಒಬ್ಬನೇ ಮಾಲೀಕ. ಬೇರೆಯವನಿಗೆ ಕೊಟ್ಟರೆ ಹಳೆಯವನ ಉತಾರ ಆ ಕ್ಷಣವೇ ರದ್ದು. ಲಾವಣಿಗೆ ಹಾಕಬಹುದು, ಆದರೆ ಲಾವಣಿಯ ಅವಧಿ ಮಾಲೀಕತ್ವದ ಅವಧಿಯನ್ನು ಮೀರುವಂತಿಲ್ಲ. ಓದಿ ಹೋಗುವವರು ಎಷ್ಟು ಜನ ಬೇಕಾದರೂ ಇರಲಿ. ತಿದ್ದುವವನು ಒಬ್ಬ ಬಂದರೆ ಉಳಿದವರೆಲ್ಲ, ಮಾಲೀಕನನ್ನೂ ಸೇರಿಸಿ, ಅವನು ಮುಗಿಸುವ ತನಕ ಹೊರಗೆ. ಈ ಪರಿಶೀಲನೆ ನಡೆಯುವುದು ಹೊಲದಲ್ಲಲ್ಲ, ಕಚೇರಿಯಲ್ಲಿ. ಅಂದರೆ ಪ್ರೋಗ್ರಾಂ ಓಡುವ ಮೊದಲು, ಕಂಪೈಲರ್ ಅದನ್ನು ಓದುವಾಗ. ಕಾಗದಪತ್ರ ಸರಿಯಿಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ. ಜಾವಾದಂಥ ಭಾಷೆಗಳೂ ಮೆಮೊರಿಯನ್ನು ಕಾಯುತ್ತವೆ, ಆದರೆ ಅವು ಹೊಲದಲ್ಲೇ ಸಂಬಳದ ಕಾವಲುಗಾರನನ್ನು ಇಡುತ್ತವೆ. ಕೆಲವೇ ಕಿಲೋಬೈಟಿನ ಚಿಪ್ಪಿಗೆ ಆ ಸಂಬಳ ಕೊಡುವ ತ್ರಾಣವಿಲ್ಲ. ಬದುವಿನ ವಿಷಯ ಮಾತ್ರ ಕಚೇರಿಯಲ್ಲೇ ಪೂರ್ತಿ ಬಗೆಹರಿಯುವುದಿಲ್ಲ. ಅದಕ್ಕೆ ರಸ್ಟ್ ಓಡುವಾಗಲೂ ಅಳತೆಪಟ್ಟಿ ಹಿಡಿದಿರುತ್ತದೆ, ಗಡಿ ದಾಟಿದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ.

ಈ ಭಾಷೆ ಹುಟ್ಟಿದ್ದೂ ಒಂದು ಡಬ್ಬಿ ಹ್ಯಾಂಗ್ ಆಗಿದ್ದರಿಂದಲೇ. 2006ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ, ಮೊಜಿಲ್ಲಾದ ಪ್ರೋಗ್ರಾಮರ್ ಗ್ರೇಡನ್ ಹೋರ್ ಮನೆಗೆ ಬಂದಾಗ ಲಿಫ್ಟ್ ಕೆಟ್ಟಿತ್ತು, ಅದರ ಸಾಫ್ಟ್‌ವೇರ್ ಕೈಕೊಟ್ಟಿತ್ತು. ಅವರ ಮನೆ 21ನೇ ಮಹಡಿಯಲ್ಲಿ. ಲಿಫ್ಟಿನ ಸಾಫ್ಟ್‌ವೇರ್ ಕೂಡ ಸರಿಯಾಗಿ ಬರೆಯಲು ಬಾರದಲ್ಲ ಎಂದು ಬೈದುಕೊಳ್ಳುತ್ತ ಮೆಟ್ಟಿಲು ಹತ್ತಿದವರು ಆಮೇಲೆ ಹೊಸ ಭಾಷೆಗೆ ಕೈಹಾಕಿದರು. ಮೊದಲ ಸ್ಥಿರ ಆವೃತ್ತಿ ಬಂದದ್ದು 2015ರ ಮೇ ತಿಂಗಳಲ್ಲಿ.

ಭಾಷೆಯ ಕಥೆ ಇಷ್ಟು. ಇನ್ನು ಚಿಪ್ಪಿನೊಳಗಿನ ಕೋಡುಗಳನ್ನೆಲ್ಲ ನಡೆಸುವ ಕಾರ್ಯಾಚರಣ ವ್ಯವಸ್ಥೆ (ಓಎಸ್); ಅದರ ಕಥೆಗೆ ನಮ್ಮದೇ ರಾಜ್ಯದ ಒಂದು ಹೊಲ ಸಿಗುತ್ತದೆ. 2000ದ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸೇರಿ ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಯೋಜನೆ ನಡೆಸಿದವು. ಮಳೆ ನಂಬಿದ ಒಣಭೂಮಿಯಲ್ಲಿ ಮಣ್ಣಿನ ತೇವ ಅಳೆದು ತಂತಿಯಿಲ್ಲದೆ ಕಳಿಸುವ ಪುಟ್ಟ ಉಪಕರಣಗಳು ಅವು. ಅಂಥ ‘ಮೈಕಾ2’ ಉಪಕರಣದ ಮೆಮೊರಿ ಬರೀ 4 ಕಿಲೋಬೈಟ್. ಅದರ ಮೇಲೆ ಓಡುತ್ತಿದ್ದದ್ದು ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಟೈನಿಓಎಸ್. ಅದಕ್ಕೆಂದೇ ಮಾಡಿದ ನೆಸ್‌ಸಿ ಎಂಬ ಭಾಷೆ, ಇಬ್ಬರು ಒಂದೇ ಜಾಗವನ್ನು ಏಕಕಾಲಕ್ಕೆ ಮುಟ್ಟುವ ಅಪಾಯವನ್ನು ಕಂಪೈಲ್ ಮಾಡುವಾಗಲೇ ಪತ್ತೆಹಚ್ಚಲು ನೋಡುತ್ತಿತ್ತು. ಆದರೂ ಎಲ್ಲ ಕೋಡೂ ಸೇರಿ ಒಂದೇ ಮುದ್ದೆ. ಒಂದು ಭಾಗ ದಾರಿ ತಪ್ಪಿದರೆ ಇಡೀ ಉಪಕರಣ ಮಲಗುತ್ತಿತ್ತು.

ಟೈನಿಓಎಸ್ ಕಟ್ಟಿದವರಲ್ಲಿ ಡೇವಿಡ್ ಕಲ್ಲರ್, ಫಿಲಿಪ್ ಲೆವಿಸ್ ಇದ್ದರು. ಹಲವು ವರ್ಷಗಳ ನಂತರ ಅವರೇ, ಆಮಿಟ್ ಲೆವಿ ಮೊದಲಾದ ಕಿರಿಯರೊಂದಿಗೆ ಸೇರಿ, ರಸ್ಟ್‌ನಲ್ಲಿ ‘ಟಾಕ್’ ಎಂಬ ವ್ಯವಸ್ಥೆ ಬರೆಯಲು ಕುಳಿತರು. ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. 2015ರಲ್ಲಿ ಅವರು ಪ್ರಕಟಿಸಿದ ಮೊದಲ ಪ್ರಬಂಧ ಶುದ್ಧ ದೂರು. ‘ಮಾಲೀಕತ್ವವೆಂದರೆ ಕಳ್ಳತನ’ ಎಂಬ ಅರ್ಥದ ಶೀರ್ಷಿಕೆ ಬೇರೆ! ಅವರ ತಕರಾರಿನಲ್ಲಿ ಹುರುಳಿತ್ತು. ಪುಟ್ಟ ಉಪಕರಣದಲ್ಲಿ ರೇಡಿಯೋ ಒಂದೇ ಇರುತ್ತದೆ. ಟೈಮರ್‌ಗೂ ಅದು ಬೇಕು, ಸಂದೇಶ ಕಳಿಸುವ ಭಾಗಕ್ಕೂ ಬೇಕು, ಇಬ್ಬರಿಗೂ ಅದನ್ನು ತಿದ್ದುವ ಹಕ್ಕು ಬೇಕು. ರಸ್ಟ್ ‘ಒಬ್ಬರಿಗೆ ಮಾತ್ರ’ ಎಂದು ಹಟ ಹಿಡಿಯುತ್ತಿತ್ತು. ಭಾಷೆಯನ್ನೇ ತಿದ್ದಿ ಎಂದು ತಂಡ ಕೇಳಿತು. ಎರಡು ವರ್ಷ ಕಳೆದು, 2017ರ ಸೆಪ್ಟೆಂಬರಿನಲ್ಲಿ, ನಮ್ಮ ಮುಂಬೈಯಲ್ಲಿ ನಡೆದ ಸಮ್ಮೇಳನದಲ್ಲಿ ಅದೇ ಜನ ಕರ್ನಲ್ಲನ್ನು, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು, ರಸ್ಟ್‌ನಲ್ಲಿ ಏಕೆ ಬರೆಯಬೇಕು ಎಂದು ವಕಾಲತ್ತು ಮಾಡಿದರು. ಭಾಷೆ ಬದಲಾಗಬೇಕಿರಲಿಲ್ಲ, ರಸ್ಟ್‌ನಲ್ಲಿ ಆಗಲೇ ಇದ್ದ ‘ಸೆಲ್’ ಎಂಬ ಸೌಲಭ್ಯ ಸಾಕಾಯಿತು. ಹಂಚಿಕೊಂಡ ಜಾಗದ ಒಳಗಿರುವುದರ ವಿಳಾಸ ಯಾರ ಕೈಗೂ ಸಿಗುವುದಿಲ್ಲ. ಒಳಗಿನ ಮೌಲ್ಯವನ್ನು ಹೊರತೆಗೆಯಬಹುದು, ಹೊಸದನ್ನು ಇಡಬಹುದು, ಅಷ್ಟೇ.

ಅದೇ ವರ್ಷದ ಅವರ ದೊಡ್ಡ ಪ್ರಬಂಧ 64 ಕಿಲೋಬೈಟಿನ ಕಂಪ್ಯೂಟರಿನಲ್ಲಿ ಹಲವು ಪ್ರೋಗ್ರಾಂಗಳನ್ನು ಸುರಕ್ಷಿತವಾಗಿ ಓಡಿಸುವ ಬಗ್ಗೆ. ಒಂದೊಂದು ಆ್ಯಪ್‌ಗೂ ಚಿಪ್ಪಿನ ಮೆಮೊರಿ ರಕ್ಷಣಾ ಘಟಕದ ಬೇಲಿ. ಕರ್ನಲ್ಲಿನ ಒಳಗಿರುವ ಡ್ರೈವರ್‌ಗಳಿಗೆ ಬೇಲಿಯಿಲ್ಲ, ಅವನ್ನು ಹದ್ದುಬಸ್ತಿನಲ್ಲಿಡುವುದು ರಸ್ಟ್ ಕಂಪೈಲರೇ. ಇನ್ನೊಂದು ಜಾಣ ಏರ್ಪಾಡು: ಒಂದು ಆ್ಯಪ್‌ಗಾಗಿ ಕರ್ನಲ್ ಏನಾದರೂ ಲೆಕ್ಕ ಬರೆದಿಡಬೇಕಾದರೆ ಅದನ್ನು ಆ ಆ್ಯಪ್‌ನ ಪಾಲಿನ ಮೆಮೊರಿಯಲ್ಲೇ ಬರೆಯುತ್ತದೆ. ಆಸೆಬುರುಕ ಆ್ಯಪ್ ತನ್ನ ಪಾಲನ್ನು ಮಾತ್ರ ತಿಂದು ಮುಗಿಸುತ್ತದೆ, ಅದು ಸತ್ತರೆ ಲೆಕ್ಕದ ಪುಸ್ತಕವೂ ಜೊತೆಗೇ ಹೋಗುತ್ತದೆ. ಗೂಗಲ್ 2020ರಲ್ಲಿ ಬಿಡುಗಡೆ ಮಾಡಿದ ಓಪನ್‌ಎಸ್‌ಕೆ ಎಂಬ ಭದ್ರತಾ ಕೀಲಿಯ ಸಾಫ್ಟ್‌ವೇರ್ ಓಡುವುದು ಈ ಟಾಕ್ ಮೇಲೆಯೇ.

ಬೆಂಗಳೂರಿನಲ್ಲಿ ಇದೇ ರೋಗಕ್ಕೆ ಬೇರೆ ಮದ್ದು ಅರೆಯುತ್ತಿದ್ದರು. ಪುಟ್ಟ ಉಪಕರಣಗಳಲ್ಲಿ ತುಂಬ ಬಳಕೆಯಲ್ಲಿರುವ ಫ್ರೀಆರ್‌ಟಿಓಎಸ್ ಸಿ ಭಾಷೆಯದು; ರಿಚರ್ಡ್ ಬ್ಯಾರಿ 2003ರಲ್ಲಿ ಶುರು ಮಾಡಿದ್ದು, 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ದೀಪಕ್ ಡಿಸೋಜಾ ಮತ್ತು ಸಂಗಡಿಗರು ಅದರ ಷೆಡ್ಯೂಲರ್, ಅಂದರೆ ಯಾವ ಕೆಲಸ ಯಾವಾಗ ಓಡಬೇಕೆಂದು ತೀರ್ಮಾನಿಸುವ ಭಾಗ, ಸರಿಯಾಗಿದೆ ಎಂದು ಗಣಿತದ ರೀತಿಯಲ್ಲಿ ಸಾಧಿಸಿ ಯಂತ್ರದಿಂದಲೇ ಪರೀಕ್ಷಿಸಿದರು. 2015ರಲ್ಲಿ ಆ ಕೆಲಸ ಪ್ರಕಟವಾಯಿತು. ಸಾಧಿಸುವ ದಾರಿಯಲ್ಲಿ ತಪ್ಪುಗಳೂ ಸಿಕ್ಕವು, ಅವನ್ನು ತಿದ್ದಿ ಮುಂದೆ ಹೋಗಬೇಕಾಯಿತು. ನನ್ನ ಲೆಕ್ಕದಲ್ಲಿ ಇದು ರಸ್ಟ್‌ಗಿಂತ ಮೇಲಿನ ದರ್ಜೆಯ ಭರವಸೆ: ರಸ್ಟ್ ಮೆಮೊರಿಯ ಶಿಸ್ತನ್ನಷ್ಟೇ ನೋಡುತ್ತದೆ, ಇವರು ಕೋಡ್ ಮಾಡಬೇಕಾದ್ದನ್ನೇ ಮಾಡುತ್ತದೆಯೇ ಎಂದು ನೋಡಿದ್ದಾರೆ. ಆದರೆ ಅದಕ್ಕೆ ಪರಿಣತರು ಬೇಕು, ಕೋಡ್ ಬದಲಾದರೆ ಸಾಧನೆಯನ್ನೂ ತಿದ್ದಬೇಕು. ಸ್ಟಾರ್ಟರ್ ಮಾಡುವ ಸಣ್ಣ ಕಂಪನಿ ಅದಕ್ಕೆಲ್ಲಿ ಹೋಗುತ್ತದೆ? (ಭಾಷೆಯೇ ಬಿಗಿಯಾಗಿರಲಿ ಎಂಬ ಯೋಚನೆ ಬೆಂಗಳೂರಿಗೆ ಹೊಸದೂ ಅಲ್ಲ. 2001ರ ಜನವರಿಯಲ್ಲಿ ಇಲ್ಲಿಂದಲೇ ಮೊದಲ ಸಲ ಹಾರಿದ ತೇಜಸ್ ವಿಮಾನದ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್ ಅಡಾ ಭಾಷೆಯದು. ರಸ್ಟ್‌ನ ಭಕ್ತರು ಈ ಅಜ್ಜಿಯ ಹೆಸರೆತ್ತುವುದು ಕಡಿಮೆ.)

ಭಕ್ತರು ಎಂದೆ, ಈ ಭಾಷೆಗೆ ಅವರು ಜಾಸ್ತಿ. ಅವರ ಕೈಯಲ್ಲಿ ಒಳ್ಳೆಯ ಅಂಕಿಗಳೂ ಇವೆ. ಆಂಡ್ರಾಯ್ಡ್‌ನ ಭದ್ರತಾ ದೋಷಗಳಲ್ಲಿ ಮೆಮೊರಿಗೆ ಸಂಬಂಧಿಸಿದವು 2019ರಲ್ಲಿ ಶೇ 76 ಇದ್ದವು. ಹೊಸ ಕೋಡನ್ನು ರಸ್ಟ್‌ನಂಥ ಭಾಷೆಗಳಲ್ಲಿ ಬರೆಯತೊಡಗಿದ ಮೇಲೆ 2024ರಲ್ಲಿ ಶೇ 24ಕ್ಕೆ ಇಳಿದವು ಎಂದು ಗೂಗಲ್ ಹೇಳಿದೆ. ಆದರೆ 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಮುಗ್ಗರಿಸಿ ಜಗತ್ತಿನ ಎಷ್ಟೋ ಜಾಲತಾಣ ನಿಂತವಲ್ಲ, ಅಲ್ಲಿ ಬಿದ್ದದ್ದು ರಸ್ಟ್ ಕೋಡ್. ಒಂದು ಕಡತ ಅಂದಾಜು ಮೀರಿ ಬೆಳೆದಿತ್ತು, ‘ಇಲ್ಲಿ ತಪ್ಪಾಗುವುದೇ ಇಲ್ಲ’ ಎಂದು ಪ್ರೋಗ್ರಾಮರ್ ನಂಬಿ ಬರೆದ ಸಾಲು ಪ್ರೋಗ್ರಾಮನ್ನೇ ನಿಲ್ಲಿಸಿತು. ಮೆಮೊರಿ ಕೆಡಲಿಲ್ಲ, ಕೆಲಸ ಕೆಟ್ಟಿತು.

ಕರ್ಜಗಿಯ ಡಬ್ಬಿಗೂ ಇದೇ ಮಾತು. ಎಂಟು ಹತ್ತು ದಿನಕ್ಕೊಮ್ಮೆ ನಿಲ್ಲುವುದಕ್ಕೆ ಮೆಮೊರಿ ತಪ್ಪು ಕಾರಣವಿರಬಹುದು. ಮೋಟರ್ ಎಳೆಯುವಾಗ ವೋಲ್ಟೇಜ್ ಕುಸಿದು ಚಿಪ್ ಅರೆಜ್ಞಾನಕ್ಕೆ ಹೋಗಿರಬಹುದು. ಸಿಮ್ ಘಟಕದ ಉತ್ತರಕ್ಕಾಗಿ ಕೋಡ್ ಕಾಯುತ್ತಲೇ ಕೂತಿರಬಹುದು. ಕೊನೆಯ ಎರಡಕ್ಕೆ ರಸ್ಟ್ ಮದ್ದಲ್ಲ. ಅದಕ್ಕೆ ಬೇಕಾದದ್ದು ಒಳ್ಳೆಯ ಪವರ್ ಸಪ್ಲೈ ಮತ್ತು ವಾಚ್‌ಡಾಗ್ ಟೈಮರ್: ಪ್ರೋಗ್ರಾಂ ಆಗಾಗ ‘ಇದ್ದೇನೆ’ ಎನ್ನದಿದ್ದರೆ ಚಿಪ್ಪನ್ನು ತಾನೇ ರೀಸೆಟ್ ಮಾಡುವ ಗಡಿಯಾರ. ಅದು ಬಹುತೇಕ ಚಿಪ್ಪುಗಳಲ್ಲಿ ಇದ್ದೇ ಇರುತ್ತದೆ, ಚಾಲೂ ಮಾಡಿಟ್ಟಿರಬೇಕು ಅಷ್ಟೆ.

ಇನ್ನು ಚಿಪ್ಪಿನ ಮಾತು. 8051, ಪಿಐಸಿಯಂಥ 8 ಬಿಟ್ ಚಿಪ್ಪುಗಳಿಗೆ ಅಧಿಕೃತ ರಸ್ಟ್ ಕಂಪೈಲರ್ ಕೋಡ್ ಹೆರುವುದಿಲ್ಲ, ಅಲ್ಲಿ ಸಿ ಭಾಷೆಯೇ ಗತಿ. ಆರ್ಮ್ ಕಾರ್ಟೆಕ್ಸ್-ಎಂ ಮತ್ತು ರಿಸ್ಕ್-ಫೈವ್ ಚಿಪ್ಪುಗಳ ಮೇಲೆ ಚೆನ್ನಾಗಿ ಓಡುತ್ತದೆ. ಕೈಯಾರೆ ಮಾಡಿ ನೋಡುವವರು ಇಎಸ್‌ಪಿ32-ಸಿ3 ಬೋರ್ಡ್ ತರಿಸಿಕೊಳ್ಳಲಿ. ಅದನ್ನು ಮಾಡುವ ಎಸ್ಪ್ರೆಸ್ಸಿಫ್ ಕಂಪನಿಯೇ ರಸ್ಟ್‌ಗೆ ಬೆಂಬಲ ಕೊಡುತ್ತದೆ. ಟಾಕ್ ಅನ್ನೇ ಒಳಹೊಕ್ಕು ನೋಡಬೇಕೆಂದರೆ ಬಿಬಿಸಿ ಮೈಕ್ರೋಬಿಟ್‌ನ ಎರಡನೇ ಆವೃತ್ತಿ ಸಾಕು. ಅದರ ಮೆಮೊರಿ 128 ಕಿಲೋಬೈಟ್, ಪಾವಗಡದ ಹೊಲದ ಮೈಕಾ2ಗಿಂತ 32 ಪಟ್ಟು. ಮೊದಲು ಒಂದು ಎಲ್‌ಇಡಿ ಮಿನುಗಿಸುವ ಆ್ಯಪ್ ಹಾಕಿ, ಪಕ್ಕದಲ್ಲಿ ಬೇಕೆಂದೇ ತಪ್ಪು ವಿಳಾಸಕ್ಕೆ ಬರೆಯುವ ಇನ್ನೊಂದು ಆ್ಯಪ್ ಹಾಕಿ. ಎರಡನೆಯದನ್ನು ಕರ್ನಲ್ ಹಿಡಿದು ನಿಲ್ಲಿಸಿದ ಮೇಲೂ ಮೊದಲನೆಯದು ಮಿನುಗುತ್ತಿರಬೇಕು.