ಏರಿನಲ್ಲಿ ಸೋಲುವ ಡೀಸೆಲ್ ಕಾರು: ಪಂಪು ಬದಲಿಸುವ ಮುನ್ನ

ಮನೆಮಂದಿಯನ್ನು ಕೂರಿಸಿಕೊಂಡು, ಹಿಂದೆ ಎರಡು ಚೀಲ ತೊಗರಿ ಹೇರಿ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದೀರಿ. ಸಸ್ತಾಪುರ ಬಂಗ್ಲಾದಲ್ಲಿ ಸೋಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದು ಏರಿಗೆ ಬಂದೊಡನೆ ಕಾರಿನ ಎಳೆತ ತಟ್ಟನೆ ತಗ್ಗುತ್ತದೆ. ಇಂಜಿನ್ನಿನ ದೀಪ ಹೊತ್ತಿಕೊಳ್ಳುತ್ತದೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗದಂತೆ ಓಡುತ್ತದೆ. ಮುಂದಿನ ಏರಿನಲ್ಲಿ ಮತ್ತದೇ ಕಥೆ. ‘ಪಂಪು ಹೋಗಿದೆ’ ಎಂದು ಯಾರಾದರೂ ಹೇಳಿದರೆ, ದುಡ್ಡು ಬಿಚ್ಚುವ ಮುನ್ನ ಇದನ್ನು ಓದಿರಿ.

ಟ್ರ್ಯಾಕ್ಟರಿನ ರೂಢಿ ಇಲ್ಲಿ ಸಲ್ಲದು

ಹಳೆಯ ಟ್ರ್ಯಾಕ್ಟರು, ಡೀಸೆಲ್ ಪಂಪ್‌ಸೆಟ್ಟು ಗಾಳಿ ಹಿಡಿದರೆ ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆಯುವುದು ನಿಮಗೆ ಕೈಗೆ ಬಂದ ಕೆಲಸ. ಇಂದಿನ ಡೀಸೆಲ್ ಕಾರಿನಲ್ಲಿರುವುದು ‘ಕಾಮನ್ ರೇಲ್’ ಪದ್ಧತಿ. ಪಂಪು ಡೀಸೆಲನ್ನು ಒತ್ತಿ ದಪ್ಪ ಕೊಳವೆಯೊಂದಕ್ಕೆ ತುಂಬುತ್ತದೆ. ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೂ ಹಂಚಿಕೆಯಾಗುತ್ತದೆ. ಕಾರಿನ ಟೈರಿಗೆ 30–35 ಪೌಂಡ್ ಗಾಳಿ ಹಾಕಿಸುತ್ತೀರಲ್ಲವೆ? ಪೂರ್ತಿ ಭಾರ ಬಿದ್ದಾಗ ಈ ಕೊಳವೆಯಲ್ಲಿ ಅನೇಕ ಕಾರುಗಳಲ್ಲಿ 1,600 ಬಾರ್, ಎಂದರೆ 23,000 ಪೌಂಡಿಗೂ ಮಿಕ್ಕ ಒತ್ತಡವಿರುತ್ತದೆ.

ಮೊದಲು ಅಗ್ಗದ ಭಾಗ

ಪಂಪಿಗೆ ಸಾಕಷ್ಟು ಡೀಸೆಲ್ ಬಾರದಿದ್ದರೆ ಅದು ಒತ್ತುವುದಾದರೂ ಏನನ್ನು? ಫಿಲ್ಟರ್ ಕಟ್ಟಿಕೊಂಡ ಕಾರು ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತದೆ, ಏರಿನಲ್ಲಿ ಸೋಲುತ್ತದೆ. ಆದುದರಿಂದ ಮೊದಲು ಫಿಲ್ಟರ್ ನೋಡಿಸಿರಿ. ಇಂಜಿನ್ ಆರಿಸಿ, ಫಿಲ್ಟರಿನ ತಳದ ತಿರುಪು ತೆಗೆದು ನೀರು ಇಳಿಸಿರಿ. ಫಿಲ್ಟರ್ ಬದಲಿಸಿದರೆ, ಕೈಪಂಪು ಇದ್ದಲ್ಲಿ ಅದು ಗಟ್ಟಿಯಾಗುವ ತನಕ ಒತ್ತಿರಿ. ಸುಮ್ಮನೆ ಸೆಲ್ಫ್ ಹೊಡೆಯುತ್ತ ಕೂರಬೇಡಿ. ಈ ಪಂಪಿಗೆ ಡೀಸೆಲೇ ಜಾರೆಣ್ಣೆ. ಒಣಗಿ ತಿರುಗಿದರೆ ಸವೆಯುತ್ತದೆ.

ಆಮೇಲೆ ಟ್ಯಾಂಕಿನಿಂದ ಬರುವ ರಬ್ಬರ್ ಪೈಪು. ಪಂಪೇ ಡೀಸೆಲ್ ಎಳೆದುಕೊಳ್ಳುವ ಕಾರುಗಳಲ್ಲಿ ಪೈಪು ಸೀಳಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ, ಗಾಳಿ ಒಳಗೆ ಹೋಗಬಹುದು. ನೆಲ ಒಣಗಿದೆಯೆಂದು ಪೈಪು ಸರಿಯಿದೆ ಎನ್ನಬೇಡಿ. ಅಲ್ಲಿ ಪಾರದರ್ಶಕ ಪೈಪಿನ ತುಂಡು ಜೋಡಿಸಿ ನೋಡಿದರೆ ಗುಳ್ಳೆಗಳು ಕಾಣುತ್ತವೆ.

ಎರಡು ಅಂಕಿ ಕೇಳಿರಿ

ಮಿಸ್ತ್ರಿ ಸ್ಕ್ಯಾನರ್ ಹಚ್ಚಿದಾಗ ಬರಿಯ ಕೋಡ್ ಓದಿಸಿ ಸುಮ್ಮನಾಗಬೇಡಿ. ಕಂಪ್ಯೂಟರ್ ಕೇಳುತ್ತಿರುವ ಒತ್ತಡ ಎಷ್ಟು, ಕೊಳವೆಯಲ್ಲಿ ಇರುವುದೆಷ್ಟು ಎಂದು ಕೇಳಿರಿ.

ಇಂಜಿನ್ ಬಹಳ ಹೊತ್ತು ನಿಂತ ಮೇಲೂ ಅಂಕಿ ಸೊನ್ನೆಯ ಹತ್ತಿರ ಬರದಿದ್ದರೆ ಸೆನ್ಸರ್ ಅಥವಾ ಅದರ ತಂತಿಯ ಮೇಲೆಯೇ ಸಂಶಯ. ಏರಿನಲ್ಲಿ ಮಾತ್ರ ಇರುವ ಒತ್ತಡ ಹಿಂದೆ ಬಿದ್ದರೆ ಫಿಲ್ಟರ್, ಪೈಪುಗಳ ಕಡೆ ಮೊದಲು ಹೋಗಿರಿ. ಸೆಲ್ಫ್ ಹೊಡೆದಾಗ 200 ಬಾರ್ ಆಸುಪಾಸಿಗೂ ಏರದಿದ್ದರೆ ಒತ್ತಡ ಎಲ್ಲೋ ಸೋರಿಹೋಗುತ್ತಿರಬಹುದು.

ಆ ಸೋರಿಕೆಗೆ ಬಾಟಲಿ ಪರೀಕ್ಷೆ ಇದೆ. ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲನ್ನು ಮಿಸ್ತ್ರಿ ಬೇರೆ ಬೇರೆ ಬಾಟಲಿಗೆ ಬಿಡುತ್ತಾರೆ. ಮೂರರಲ್ಲಿ ಸಮನಾಗಿದ್ದು ಒಂದು ಮಾತ್ರ ಬೇಗ ತುಂಬಿದರೆ ತಪ್ಪು ಆ ಇಂಜೆಕ್ಟರಿನದು, ಪಂಪಿನದಲ್ಲ. ಹಳೆಯ ಫಿಲ್ಟರಿನಲ್ಲಿ ಲೋಹದ ಹೊಳಪುಪುಡಿ ಸಿಕ್ಕರೆ ಪಂಪು ಸವೆದಿದೆ ಎಂಬ ಮಾತಿಗೆ ಬಲ ಬರುತ್ತದೆ. ಆಗಲೂ ಪಂಪೊಂದನ್ನೇ ಬದಲಿಸಿದರೆ ಸಾಲದು. ಟ್ಯಾಂಕಿನಿಂದ ಇಂಜೆಕ್ಟರಿನವರೆಗೆ ಶುದ್ಧಿಯಾಗಬೇಕು.

ಕೈ ಜೋಪಾನ

ಚಾಲೂ ಇರುವ ಇಂಜಿನ್ನಿನ ಉಕ್ಕಿನ ಪೈಪುಗಳ ನಟ್ಟಿಗೆ ಪಾನಾ ಹಾಕಬೇಡಿ. ಸೋರುವ ಜಾಗವನ್ನು ಬೆರಳಿನಿಂದ ಹುಡುಕಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಕಡಿಮೆ. ಗಂಟೆಗಳು ಕಳೆದಂತೆ ಬೆರಳೇ ಹೋಗಬಹುದು. ಅರಿಸಿನ ಮೆತ್ತಿ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ‘ಒತ್ತಡದ ಡೀಸೆಲ್ ಒಳಹೊಕ್ಕಿದೆ’ ಎಂದೇ ವೈದ್ಯರಿಗೆ ಹೇಳಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕೊನೆಯ ಮಾತು. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲನ್ನು ಕಾರಿಗೆ ಸುರಿಯಬೇಡಿ. ತುಕ್ಕೂ ನೀರೂ ಅದರೊಡನೆ ಬರುತ್ತವೆ. ಸೀಮೆಎಣ್ಣೆ ಬೆರೆಸಬೇಡಿ. ಟ್ಯಾಂಕು ಬರಿದಾಗುವವರೆಗೆ ಓಡಿಸಬೇಡಿ. ಹೊತ್ತಿಗೆ ಹಾಕಿಸಿದ ಒಂದು ಫಿಲ್ಟರ್, ಒಂದು ಸುಗ್ಗಿಯ ಹಣ ಉಳಿಸೀತು.