ಅಜ್ಜಯ್ಯನ ಘಟ್ಟದಲ್ಲಿ ಸಿಕ್ಕ ಮೂರನೇ ಅಧ್ಯಾಯ

“ನಿಂಗೇನೋ ಸೋಕೈತವ್ವ. ಈ ಅಮಾಸಿಗೆ ಗಾತ್ರಿಗೆ ಹೋಗಿ ಬರಾಣ.”

ಅವ್ವ ಹೀಗಂದಾಗ ಬೇರೆ ದಿನವಾಗಿದ್ದರೆ ಜಗಳ ಆಡ್ತಿದ್ದೆ. ಅವತ್ತು ಸುಮ್ಮನೆ ತಲೆ ಆಡಿಸಿದೆ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಬೆಂಗಳೂರಿಂದ ಹದಿನೈದು ದಿನಕ್ಕೊಮ್ಮೆ ಹರಿಹರಕ್ಕೆ ಬರ್ತಿದ್ದೆ, ಲ್ಯಾಪ್‌ಟಾಪ್ ಬ್ಯಾಗು ಬಾಗಿಲ ಹಿಂದೆ ಇಟ್ಟರೆ ವಾಪಸ್ ಹೋಗುವಾಗಲೇ ಎತ್ತಿಕೊಳ್ಳುತ್ತಿದ್ದೆ. ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ, ಮೂವತ್ತು ದಾಟಿದ ಹುಡುಗಿ. ಇವಳಿಗೇನು ಕಷ್ಟ? ಪಕ್ಕದ ಮನೆ ಅತ್ತೆಯ ಪ್ರಕಾರ ಮದುವೆ ಆದರೆ ಎಲ್ಲ ಸರಿಹೋಗ್ತದೆ. ಅವ್ವನ ಪ್ರಕಾರ ಗಾಳಿ ಸೋಕಿದೆ. ನಿಜವಾದ ಕಾರಣ ನಾನು ಯಾರಿಗೂ ಹೇಳಿರಲಿಲ್ಲ. ಅದು ನನ್ನ ಪಿಎಚ್.ಡಿ. ಪ್ರಬಂಧ.

ಕೆಲಸ ಮಾಡ್ತಲೇ ಪಾರ್ಟ್‌ಟೈಮ್ ಆಗಿ ನೋಂದಣಿ ಮಾಡಿಸಿದ್ದೆ. ಕಂಪನಿಯಿಂದ ಎನ್‌ಒಸಿ ತಂದೆ, ಕೋರ್ಸ್‌ವರ್ಕ್ ಮುಗಿಸಿದೆ, ಎರಡು ವರ್ಷ ಚೆನ್ನಾಗೇ ನಡೀತು. ವಿಷಯ ತುಂಗಭದ್ರೆಯ ನೀರಿನ ಮಟ್ಟವನ್ನು ಕಂಪ್ಯೂಟರ್ ಲೆಕ್ಕದಿಂದ ಮುಂಚೆಯೇ ಹೇಳೋದು. ಹರಿಹರದಲ್ಲಿ ಬೆಳೆದವರಿಗೆ ಮಳೆಗಾಲದಲ್ಲಿ ‘ಹೊಳಿ ಎಷ್ಟು ಬಂತು’ ಅನ್ನೋದು ದಿನದ ಮಾತು, ಹಾಗಾಗಿ ವಿಷಯ ಹುಡುಕೋಕೆ ಕಷ್ಟಪಡಲಿಲ್ಲ. ಕಷ್ಟ ಶುರುವಾದದ್ದು ಬರೆಯೋಕೆ ಕೂತಾಗ.

ಕೋಡ್ ಬರೆಯೋದು ನನಗೆ ಗೊತ್ತು. ಆದರೆ ಆಫೀಸಿನ ಕೆಲಸಕ್ಕೆ ಯಾರೋ ಒಬ್ಬರು ಕಾಯ್ತಿರ್ತಾರೆ. ಬೆಳಗ್ಗೆ ಹತ್ತು ಗಂಟೆ ಮೀಟಿಂಗಿನಲ್ಲಿ ‘ನಿನ್ನೆ ಏನು ಮಾಡಿದೆ’ ಅಂತ ಕೇಳ್ತಾರೆ, ಮಾಡದಿದ್ದರೆ ಮುಖ ಸಣ್ಣದಾಗ್ತದೆ. ಪ್ರಬಂಧಕ್ಕೆ ಯಾರೂ ಕಾಯಲ್ಲ. ಒಂದು ದಿನ ಬಿಟ್ಟರೆ ಏನೂ ಆಗಲ್ಲ, ಒಂದು ತಿಂಗಳು ಬಿಟ್ಟರೂ ಆಗಲ್ಲ. ಐದು ತಿಂಗಳು ಬಿಟ್ಟ ಮೇಲೆ ಗೈಡ್‌ಗೆ ಫೋನ್ ಮಾಡೋ ಧೈರ್ಯ ಹೋಗಿರ್ತದೆ. ಅವರ ಎರಡು ಮೇಲ್ ತೆಗೆಯದೇ ಬಿಟ್ಟಿದ್ದೆ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿ ಮುಂದೆ ಪ್ರಗತಿ ಒಪ್ಪಿಸಬೇಕು ಅನ್ನೋದು ಯುಜಿಸಿ ನಿಯಮ. ಹಿಂದಿನ ಸಲ ಹಳೇ ಸ್ಲೈಡುಗಳಿಗೆ ಹೊಸ ತಾರೀಖು ಹಾಕಿ ಪಾರಾಗಿದ್ದೆ. ಒಟ್ಟು ಅವಧಿ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷ ವಿನಾಯಿತಿ ಸಿಗಬಹುದು. ಆ ವಿನಾಯಿತಿ ನೆನೆಸಿಕೊಂಡೇ ನಾನು ಇನ್ನಷ್ಟು ಸೋಮಾರಿಯಾದೆನೋ ಏನೋ.

ಇನ್ನೊಂದು ಮಾತು ಹೇಳೋಕೆ ನಾಚಿಕೆಯಾದರೂ ಹೇಳಿಬಿಡ್ತೀನಿ. ಆಗ ‘ಪ್ರಬಂಧ ಬರೆದುಕೊಡ್ತೀವಿ’ ಅನ್ನೋ ಒಬ್ಬರಿಗೆ ಫೋನ್ ಮಾಡಿದ್ದೆ. ಒಂದೂವರೆ ಲಕ್ಷ, ಮೂರು ಕಂತು, ನಕಲು ತಪಾಸಣೆ ವರದಿಯೂ ಸೇರಿ. ತರಕಾರಿ ರೇಟು ಹೇಳಿದಷ್ಟು ಸಲೀಸಾಗಿ ಹೇಳಿದರು. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಯೋಚಿಸಿದೆ. ತಂತ್ರಾಂಶ ಹಿಡಿಯದೇ ಇರಬಹುದು, ಆದರೆ ವೈವಾದಲ್ಲಿ ಎದುರಿಗೆ ಕೂತವರು ‘ಈ ಸೂತ್ರವನ್ನೇ ಯಾಕೆ ಆರಿಸಿದಿರಿ’ ಅಂದರೆ ಏನು ಹೇಳಲಿ? ಬೇಡ ಅಂತ ನಂಬರ್ ಬ್ಲಾಕ್ ಮಾಡಿದೆ. ಅವತ್ತಿನಿಂದ ನಿದ್ದೆ ಪೂರ್ತಿ ಹೋಯ್ತು. ಹಿಂಬಾಗಿಲು ಮುಚ್ಚಿದೆ ಸರಿ, ಮುಂಬಾಗಿಲು ತೆಗೆಯೋಕೆ ಆಗ್ತಿರಲಿಲ್ಲ.

ಹೀಗೆ ಅವ್ವನ ಜೊತೆ ಉಕ್ಕಡಗಾತ್ರಿಗೆ ಹೋದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹರಿಹರ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಊರು ಇದು. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ ಇದೆ. ಮನಸ್ಸು ಕೆಟ್ಟವರನ್ನು, ದೆವ್ವ ಹಿಡಿದಿದೆ ಅಂತ ಮನೆಯವರು ನಂಬಿದವರನ್ನು ದೂರದೂರದಿಂದ ಕರೆತರ್ತಾರೆ, ಅಮಾವಾಸ್ಯೆಗೆ ಕಾಲಿಡೋಕೆ ಜಾಗ ಇರಲ್ಲ. ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಗುಡಿಗೆ ಬರ್ತಾರೆ. ನನ್ನ ವಯಸ್ಸಿನವಳೇ ಒಬ್ಬಳು ತಲೆಗೂದಲು ಕೆದರಿಕೊಂಡು ಮೈ ತೂಗುತ್ತಿದ್ದಳು. ಅವಳ ಅಣ್ಣ ಇರಬೇಕು, ಬಿದ್ದುಗಿದ್ದಾಳು ಅಂತ ಹಿಂದೆಯೇ ಕೈ ಚಾಚಿಕೊಂಡು ನಡೀತಿದ್ದ. ಇಂಜಿನಿಯರಿಂಗ್ ಓದಿದ ತಲೆ ಅಲ್ಲಿ ಏನೇನೋ ಟೀಕೆ ಮಾಡಬಹುದಿತ್ತು. ನನಗೆ ಮಾತ್ರ ಆ ಕೈ ಚಾಚಿದವನನ್ನು ನೋಡಿ ಹೊಟ್ಟೆಕಿಚ್ಚಾಯ್ತು. ಇವಳ ಕಷ್ಟ ಮನೆಯವರಿಗೆಲ್ಲ ಗೊತ್ತು, ನನ್ನದು ನನಗೊಬ್ಬಳಿಗೇ.

ಅವ್ವ ಸಾಲಿನಲ್ಲಿ ನಿಂತಳು. ನಾನು ಘಟ್ಟದ ಕಡೆ ಬಂದು ಕಾಯಿ-ಹೂವಿನ ಅಂಗಡಿಯೊಂದರ ಮುಂದೆ ಕೂತೆ. ನೀರು ಇಳಿದಿತ್ತು, ಮೆಟ್ಟಿಲುಗಳ ಸುತ್ತ ಭಕ್ತರು ಬಿಟ್ಟುಹೋದ ಬಟ್ಟೆಗಳ ರಾಶಿ. ಸುಮ್ಮನಿರಲಾರದೆ ಅಂಗಡಿಯಜ್ಜನನ್ನು ಕೇಳಿದೆ, “ಮಳೆಗಾಲದಾಗೆ ಏನ್ಮಾಡ್ತೀರಿ ಅಜ್ಜಾರೆ?”

“ಏನ್ಮಾಡಾದೈತಿ ತಂಗಿ, ಆ ಮೆಟ್ಲು ಮುಳುಗಿದ್ರೆ ಅಂಗಡಿ ಎತ್ತತೀವಿ. ಟಿವ್ಯಾಗೆ ಗಾಜನೂರು ಗೇಟ್ ತಗದ್ರು ಅಂತಾರೆ, ಹೊನ್ನಾಳ್ಯಾಗೆ ಇಷ್ಟು ಬಂತು ಅಂತಾರೆ. ನಮ್ಮೂರಿಗೆ ಎಷ್ಟೊತ್ತಿಗೆ ಬರ್ತೈತಿ ಅಂತ ಹೇಳಾರು ಯಾರು? ಒಂದ್ಸಲ ರಾತ್ರಿ ಬಂದು ಅರ್ಧ ಸಾಮಾನು ಹೋತು.”

ನನಗೆ ಗಂಟಲು ಕಟ್ಟಿತು. ನನ್ನ ಪ್ರಬಂಧದ ರೂಪರೇಖೆ ಪಶ್ಚಿಮ ಘಟ್ಟದ ಮಳೆಯಿಂದ ಶುರುವಾಗಿ ಹೊಸಪೇಟೆಯ ಅಣೆಕಟ್ಟಿನವರೆಗೆ ಇತ್ತು. ತುಂಗೆ, ಭದ್ರೆ, ಕೂಡಲಿ, ವರದಾ, ಎಲ್ಲ ನಾನೇ ಮಾಡ್ತೀನಿ ಅಂತ ಹೊರಟಿದ್ದೆ. ಒಬ್ಬ ಮನುಷ್ಯನ ಕೈಲಿ ಆಗದ ಕೆಲಸ ಅದು. ಅಜ್ಜಾರು ಕೇಳಿದ್ದು ಒಂದೇ ಪ್ರಶ್ನೆ: ಹೊನ್ನಾಳಿಯಲ್ಲಿ ನೀರು ಏರಿದ ಎಷ್ಟು ಹೊತ್ತಿಗೆ ಈ ಮೆಟ್ಟಿಲಿಗೆ ಬರ್ತದೆ? ಹೊನ್ನಾಳಿಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ, ಅದರ ಅಂಕಿಗಳು ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಕೊಳೀತಿದ್ದವು. ಹೊಳೆ ತುಂಬಿದಾಗಲೆಲ್ಲ ಉಕ್ಕಡಗಾತ್ರಿ–ಫತ್ಯಾಪುರದ ತಗ್ಗಿನ ರಸ್ತೆ ಮುಳುಗಿದ ಸುದ್ದಿ ಪೇಪರಿನಲ್ಲಿ ಬರ್ತದೆ. ಆ ತಾರೀಖುಗಳನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಬೇಕು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಲ್ಲೇ ಕೂತು ಗೈಡ್‌ಗೆ ಮೇಲ್ ಬರೆದೆ. ಹಿಂದೆ ಹತ್ತು ಸಲ ಬರೆದು ಅಳಿಸಿದ್ದು ಉದ್ದುದ್ದ ಕ್ಷಮಾಪಣೆ ಪತ್ರಗಳು. ಇದು ಮೂರು ಸಾಲು: ಐದು ತಿಂಗಳಿಂದ ಏನೂ ಬರೆದಿಲ್ಲ. ನಿದ್ದೆ ಇಲ್ಲ. ವಿಷಯವನ್ನು ಒಂದೇ ಊರಿಗೆ ಇಳಿಸಬಹುದೇ? ಸಂಜೆ ಹರಿಹರ ಮುಟ್ಟೋದರೊಳಗೆ ಉತ್ತರ ಬಂದಿತ್ತು. ‘ಶನಿವಾರ ಬನ್ನಿ. ಬರೆಯಬೇಕು ಅಂದುಕೊಂಡಿದ್ದು ಬೇಡ, ಬರೆದದ್ದು ತನ್ನಿ, ಒಂದು ಪುಟವಾದರೂ ಸರಿ.’ ಬೈತಾರೆ ಅಂತ ಐದು ತಿಂಗಳು ಹೆದರಿದ್ದೆ. ಅವರ ಕೈಕೆಳಗೆ ನನ್ನ ಹಾಗೆ ಮಾಯವಾದವರಲ್ಲಿ ನಾನು ನಾಲ್ಕನೆಯವಳಂತೆ.

ಆಮೇಲಿನದು ಬಸ್ಸು ಗೇರ್ ಬದಲಿಸಿದ ಹಾಗೆ ಸಲೀಸಾಗೇನೂ ಇರಲಿಲ್ಲ. ಜೋನ್ ಬೋಲ್ಕರ್ ಅನ್ನೋರು 1998ರಲ್ಲಿ ‘ದಿನಕ್ಕೆ ಹದಿನೈದು ನಿಮಿಷದಲ್ಲಿ ಪ್ರಬಂಧ ಬರೆಯಿರಿ’ ಅನ್ನೋ ಅರ್ಥದ ಹೆಸರಿನ ಪುಸ್ತಕ ತಂದಿದ್ದಾರೆ. ಹೆಸರು ಕೇಳಿದಾಗ ನಕ್ಕಿದ್ದೆ. ಈಗ ಅಷ್ಟೇ ನನ್ನ ಕೈಲಾಗ್ತಿತ್ತು. ದಾವಣಗೆರೆಯಲ್ಲಿ ಪಾಠ ಮಾಡ್ತಾ ಪಿಎಚ್.ಡಿ. ಮಾಡ್ತಿರೋ ಗೆಳತಿಗೆ ಎಲ್ಲ ಹೇಳಿದೆ. ಅವಳಿಗೆ ಎರಡು ವರ್ಷದ ಮಗ. ಅವನು ಏಳೋ ಮುಂಚೆ, ಬೆಳಗಿನ ಐದೂವರೆಗೆ, ಇಬ್ಬರೂ ವಿಡಿಯೊ ಕಾಲ್ ಹಚ್ಚಿ ಧ್ವನಿ ಬಂದ್ ಮಾಡಿ ಕೂತು ಬರೀತೀವಿ. ಮಾತಿಲ್ಲ. ಕೊನೆಗೆ ಎಷ್ಟು ಸಾಲು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ಬಂದ್ ಮಾಡ್ತೀವಿ. ಒಂದೊಂದು ದಿನ ಅವಳ ಮಗ ಎದ್ದುಬಿಡ್ತಾನೆ, ಅವತ್ತಿನ ಲೆಕ್ಕ ಸೊನ್ನೆ. ನನ್ನದೂ ಎಷ್ಟೋ ದಿನ ಸೊನ್ನೆಯೇ. ಆದರೆ ಯಾರೋ ಕಾಯ್ತಿದ್ದಾರೆ ಅನ್ನೋದು ಸಿಕ್ಕಿತಲ್ಲ.

ಬರೆಯೋಕೆ ಆಗದ ದಿನ ‘ಶೋಧಗಂಗಾ’ ತೆಗೀತೀನಿ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪ್ರಬಂಧಗಳು ಅಲ್ಲಿ ಯಾರಿಗಾದರೂ ಪುಕ್ಕಟೆ ಓದೋಕೆ ಸಿಗ್ತವೆ. ನಾನು ಮೊದಲು ನೋಡೋದು ಕೃತಜ್ಞತೆಯ ಪುಟ. ಮಗುವನ್ನು ನೋಡಿಕೊಂಡ ಅತ್ತೆ, ಸಾಲ ಕೊಟ್ಟ ಭಾವ, ಟೈಪ್ ಮಾಡಿಕೊಟ್ಟ ಅಂಗಡಿಯವರು. ಒಬ್ಬರೇ ಬರೆದ ಪ್ರಬಂಧ ನನಗಿನ್ನೂ ಸಿಕ್ಕಿಲ್ಲ.

ನಿದ್ದೆಯ ವಿಷಯಕ್ಕೆ ಡಾಕ್ಟರ ಹತ್ತಿರವೂ ಹೋದೆ. ಅದಕ್ಕೂ ಮುಂಚೆ ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆ, ಹಣ ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ‘ಪ್ರಬಂಧ ಬರೆಯೋಕೆ ಆಗ್ತಿಲ್ಲ’ ಅಂತ ಹೇಳೋಕೆ ಮುಜುಗರವಾಯ್ತು, ಆ ಕಡೆಯವರು ನಗಲಿಲ್ಲ. ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ 2018ರಲ್ಲಿ ಬಂದ ಒಂದು ಸಮೀಕ್ಷೆಯನ್ನು ಆಮೇಲೆ ಓದಿದೆ. 26 ದೇಶಗಳ 2,279 ಜನರನ್ನು, ಹೆಚ್ಚಿನವರು ಪಿಎಚ್.ಡಿ. ಮಾಡ್ತಿರುವವರು, ಕೇಳಿದ್ದರು. ಶೇ 41 ಮಂದಿಗೆ ಸಾಧಾರಣದಿಂದ ತೀವ್ರ ಮಟ್ಟದ ಆತಂಕ, ಶೇ 39 ಮಂದಿಗೆ ಅದೇ ಮಟ್ಟದ ಖಿನ್ನತೆ. ಇದನ್ನು ಅವ್ವನಿಗೆ ಓದಿ ಹೇಳಿದೆ. “ಅಷ್ಟು ಮಂದಿಗೆ ಸೋಕಿತ್ತಾ?” ಅಂದಳು. ನನ್ನ ಗುಳಿಗೆಗಳನ್ನು ಅಜ್ಜಯ್ಯನ ಭಂಡಾರದ ಡಬ್ಬಿ ಪಕ್ಕದಲ್ಲೇ ಇಟ್ಟಿದ್ದಾಳೆ, ಎರಡನ್ನೂ ತಪ್ಪದೆ ನೆನಪಿಸ್ತಾಳೆ. ನಾನು ಸುಧಾರಿಸಿದ್ದು ಯಾವುದರಿಂದ ಅನ್ನೋ ವಾದಕ್ಕೆ ನಾವಿಬ್ಬರೂ ಇಳಿಯಲ್ಲ.

ಮೂರನೇ ಅಧ್ಯಾಯ ಮುಗಿದಿದೆ, ಪೂರ್ತಿ ಉಕ್ಕಡಗಾತ್ರಿಯದೇ. ನಾಲ್ಕನೆಯದರಲ್ಲಿ 2019ರ ಆಗಸ್ಟಿನ ಹೊಳೆ ನನ್ನ ಲೆಕ್ಕಕ್ಕೆ ಇನ್ನೂ ಕೂಡಿಬರ್ತಿಲ್ಲ, ಗೈಡ್ ಎರಡು ಸಲ ವಾಪಸ್ ಕಳಿಸಿದ್ದಾರೆ. ಈ ಸಲ ಮಳೆ ಹಿಡಿಯೋ ಮುಂಚೆ ಘಟ್ಟದ ಮೆಟ್ಟಿಲಿಗೆ ಅಳತೆ ಬರೆಯಬೇಕು. ಅಂಗಡಿಯಜ್ಜಾರು ಬಣ್ಣ, ಬ್ರಷ್ ತಾವೇ ಕೊಡ್ತೀನಿ ಅಂದಿದ್ದಾರೆ. ಅವ್ವನೂ ಬರ್ತಾಳಂತೆ, ಅಮಾವಾಸ್ಯೆ ನೋಡಿಕೊಂಡೇ ಹೊರಡಬೇಕಂತೆ.