ಲ್ಯಾಪ್‌ಟಾಪ್‌ನ ಮೆಮೊರಿ: ಸೋರುವ ಕೊಡಗಳ ಸಾಲು

ಲ್ಯಾಪ್‌ಟಾಪ್‌ನ ತಳದ ಮುಚ್ಚಳ ತೆಗೆದರೆ ಕಾಣುವ ಬಿಡಿಭಾಗಗಳ ನಡುವೆ ಸುಮಾರು 70 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ಒಂದು ತೆಳು ಹಲಗೆ, ಸ್ಕ್ರೂವಿನ ಹಂಗಿಲ್ಲದೆ, ಎರಡು ಬದಿಯ ಕೊಂಡಿಗಳ ಹಿಡಿತದಲ್ಲಷ್ಟೇ ಮಲಗಿರುತ್ತದೆ. ಮೇಜಿನ ಮೇಲಿಡುವ ಕಂಪ್ಯೂಟರುಗಳ ಮೆಮೊರಿ ಪಟ್ಟಿಗಿಂತ ಗಿಡ್ಡದಾದ ಈ ಹಲಗೆಗೆ ಸೋಡಿಮ್ ಎಂದು ಹೆಸರು; ಅದರ ಮೇಲಿನ ಕಪ್ಪು ಚಿಪ್ಪುಗಳೇ, ಪ್ರೊಸೆಸರ್ ತನ್ನ ಸದ್ಯದ ಕೆಲಸಕ್ಕೆ ಬೇಕಾದುದನ್ನೆಲ್ಲ ಕೈಗೆಟಕುವಂತೆ ಇಟ್ಟುಕೊಳ್ಳುವ ರ‍್ಯಾಮ್.

ಈ ಚಿಪ್ಪುಗಳ ಮೂಲ ವಿನ್ಯಾಸ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರದು. 1968ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸದಲ್ಲಿ ಒಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಮಾಹಿತಿಯ ಅತಿ ಚಿಕ್ಕ ತುಣುಕನ್ನು ಹಿಡಿದಿಡಲು, ವಿದ್ಯುದಾವೇಶ ತುಂಬಿಕೊಳ್ಳುವ ಒಂದು ಕೆಪಾಸಿಟರ್ ಮತ್ತು ಅದರ ಬಾಗಿಲು ಕಾಯುವ ಒಂದು ಟ್ರಾನ್ಸಿಸ್ಟರ್ ಸಾಕು. ಕೆಪಾಸಿಟರಿನಲ್ಲಿ ಆವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 8 ಜಿಬಿಯ ಒಂದು ಪಟ್ಟಿಯಲ್ಲಿ ಇಂತಹ ಕೆಪಾಸಿಟರುಗಳು 6,870 ಕೋಟಿಗೂ ಹೆಚ್ಚು. ಅವೆಲ್ಲವೂ ಸೋರುವ ಕೊಡಗಳು: ತುಂಬಿದ ಆವೇಶ ತಾನಾಗಿ ಜಿನುಗಿಹೋಗುವುದರಿಂದ ಪ್ರತಿ ಸಾಲನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಬೇಕಾಗುತ್ತದೆ. ಓದುವ ಕ್ರಿಯೆಯೇ ಕೊಡವನ್ನು ಬರಿದು ಮಾಡುತ್ತದೆಯಾದ್ದರಿಂದ, ಚಿಪ್ಪಿನೊಳಗಿನ ಸೂಕ್ಷ್ಮ ವರ್ಧಕಗಳು ಇದ್ದದ್ದನ್ನು ಗುರುತಿಸಿದ ಕೂಡಲೇ ಅದನ್ನು ತಿರುಗಿ ಬರೆಯುತ್ತವೆ. ಡೈನಮಿಕ್ ರ‍್ಯಾಮ್ ಎಂಬ ಹೆಸರಿನಲ್ಲಿರುವ ಚಲನೆ ಈ ಎಡೆಬಿಡದ ಮರುಪೂರಣದ್ದೇ. ಲ್ಯಾಪ್‌ಟಾಪನ್ನು ಮುಚ್ಚಿ ನಿದ್ರಾಸ್ಥಿತಿಯಲ್ಲಿ ಇಟ್ಟಾಗಲೂ ಅದು ನಿಲ್ಲುವುದಿಲ್ಲ. ಮುಚ್ಚಿಟ್ಟ ಯಂತ್ರದ ಬ್ಯಾಟರಿ ಮೆಲ್ಲಗೆ ಕರಗುವುದಕ್ಕೆ ಇದೂ ಒಂದು ಕಾರಣ.

ರ‍್ಯಾಮ್ ಹೆಚ್ಚಿದಷ್ಟೂ ಯಂತ್ರ ವೇಗವಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ರ‍್ಯಾಮ್ ಅಡುಗೆಕಟ್ಟೆಯಿದ್ದಂತೆ, ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಉಗ್ರಾಣವಿದ್ದಂತೆ. ಕಟ್ಟೆಯ ಮೇಲೆ ಜಾಗವಿರುವ ತನಕ ಅಡುಗೆ ಸರಾಗ; ಜಾಗ ಮುಗಿದಾಗ ಒಂದು ಪಾತ್ರೆಯನ್ನು ಉಗ್ರಾಣಕ್ಕೆ ಒಯ್ದಿಟ್ಟು ಇನ್ನೊಂದನ್ನು ತರಬೇಕು. ಸ್ವಾಪ್ ಎಂದು ಕರೆಯುವ ಈ ಓಡಾಟದ ಬೆಲೆ ದೊಡ್ಡದು. ರ‍್ಯಾಮಿನಿಂದ ಒಂದು ತುಣುಕು ತರುವುದಕ್ಕೆ ಸ್ಥೂಲವಾಗಿ 100 ನ್ಯಾನೋಸೆಕೆಂಡು ಹಿಡಿದರೆ, ಎಸ್‌ಎಸ್‌ಡಿಯಿಂದ ತರುವುದಕ್ಕೆ ಅದರ ಸಾವಿರದಷ್ಟು, ತಿರುಗುವ ಹಾರ್ಡ್ ಡಿಸ್ಕಿನಿಂದಾದರೆ ಲಕ್ಷದಷ್ಟು ಸಮಯ ಬೇಕಾಗುತ್ತದೆ. ಮೊದಲನೆಯದನ್ನು ಒಂದು ನಿಮಿಷವೆಂದು ಎಣಿಸಿದರೆ ಎರಡನೆಯದು ಹದಿನಾರು ಗಂಟೆ ದಾಟುತ್ತದೆ, ಮೂರನೆಯದು ಎರಡು ತಿಂಗಳನ್ನೂ ಮೀರುತ್ತದೆ. ಹೀಗಾಗಿ ಹಣ ಖರ್ಚು ಮಾಡುವ ಮೊದಲು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ದಿನನಿತ್ಯದ ಕೆಲಸ ನಡೆಯುತ್ತಿರುವಾಗ ಮೆಮೊರಿ ಎಷ್ಟು ತುಂಬಿದೆಯೆಂದು ನೋಡುವುದು ಅಗತ್ಯ. ಅರ್ಧದಷ್ಟೇ ತುಂಬಿದ್ದರೆ ನಿಧಾನಗತಿಯ ಮೂಲ ಬೇರೆಲ್ಲೋ ಇದೆ.

ಅದೇ ಪುಟದಲ್ಲಿ ಎಷ್ಟು ಸ್ಲಾಟುಗಳಿವೆ, ಎಷ್ಟು ತುಂಬಿವೆ, ಪಟ್ಟಿಯ ವೇಗವೆಷ್ಟು ಎಂಬುದೂ ಕಾಣುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೇಳಬೇಕಾದದ್ದು ಬರಿಯ 8 ಜಿಬಿ ರ‍್ಯಾಮನ್ನಲ್ಲ, ‘ಲ್ಯಾಪ್‌ಟಾಪಿನ ಡಿಡಿಆರ್4, 8 ಜಿಬಿ, 3200’ ಎಂಬಷ್ಟು ವಿವರವಾಗಿ. ಡಿಡಿಆರ್3ರ ಸೋಡಿಮ್‌ಗೆ 204 ಸಂಪರ್ಕಗಳಿದ್ದರೆ ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಮೂಲ ಡಿಡಿಆರ್3 ಬೇಡುವ ವೋಲ್ಟೇಜು 1.5 ಆದರೆ ಉಳಿದೆರಡರದು 1.2 ಮತ್ತು 1.1. ಒಂದು ಪೀಳಿಗೆಯದು ಇನ್ನೊಂದರ ಸ್ಲಾಟಿಗೆ ಹೊಂದಬಾರದೆಂದೇ ಚಿನ್ನದ ಲೇಪವಿರುವ ಅಂಚಿನ ಕಚ್ಚನ್ನು ಪ್ರತಿ ಪೀಳಿಗೆಯಲ್ಲೂ ಬೇರೆ ಜಾಗದಲ್ಲಿ ಕತ್ತರಿಸಲಾಗಿದೆ. 3200 ಎಂಬ ಸಂಖ್ಯೆ ಸೆಕೆಂಡಿಗೆ 320 ಕೋಟಿ ಸಲ ನಡೆಯುವ ದತ್ತಾಂಶದ ವರ್ಗಾವಣೆಯನ್ನು ಸೂಚಿಸುತ್ತದೆ. ಅದರ ಜೊತೆಗೆ 2666ರ ಪಟ್ಟಿಯನ್ನು ಕೂರಿಸಿದರೆ ಎರಡೂ ಕಡಿಮೆಯ ವೇಗಕ್ಕೇ ಇಳಿಯುತ್ತವೆ. ಪ್ರೊಸೆಸರಿನಿಂದ ಮೆಮೊರಿಗೆ ಸಾಮಾನ್ಯವಾಗಿ ಎರಡು ಹಾದಿಗಳಿರುವುದರಿಂದ, ಒಂದೇ ಪಟ್ಟಿಯಿರುವ ಯಂತ್ರದಲ್ಲಿ ಒಂದು ಹಾದಿ ಖಾಲಿ ಬಿದ್ದಿರುತ್ತದೆ. ಅಷ್ಟೇ ಗಾತ್ರದ ಎರಡನೆಯ ಪಟ್ಟಿ ಬಂದಾಗ ಜಾಗದ ಜೊತೆಗೆ ಹಾದಿಯೂ ಇಮ್ಮಡಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪುಗಳಿಗೆ ಇದರ ಲಾಭ ಹೆಚ್ಚು, ಏಕೆಂದರೆ ಅಲ್ಲಿ ಚಿತ್ರ ಮೂಡಿಸುವ ಕೆಲಸವೂ ಇದೇ ರ‍್ಯಾಮಿನ ಮೇಲೆ ಬಿದ್ದಿರುತ್ತದೆ.

ಇನ್ನು ಕೈಕೆಲಸ. ನಿದ್ರಾಸ್ಥಿತಿಯಲ್ಲೂ ಪಟ್ಟಿಗೆ ವಿದ್ಯುತ್ ಹರಿಯುತ್ತಿರುವುದರಿಂದ ಪರದೆ ಮುಚ್ಚಿದ ಮಾತ್ರಕ್ಕೆ ಸಾಲದು. ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಮುಚ್ಚಳ ತೆಗೆದ ಮೇಲೆ ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಿ, ಉಳಿದ ಆವೇಶ ಬರಿದಾಗುವಂತೆ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ದೇಹದಲ್ಲಿ ಸೇರಿರುವ ಸ್ಥಾಯಿ ವಿದ್ಯುತ್ತು ಇನ್ನೊಂದು ಅಪಾಯ. ಸುಮಾರು 3,000 ವೋಲ್ಟಿಗಿಂತ ಕಡಿಮೆಯ ಕಿಡಿ ಚರ್ಮದ ಅರಿವಿಗೇ ಬರುವುದಿಲ್ಲ, ಆದರೆ ಅದಕ್ಕಿಂತ ಬಹಳ ಕಡಿಮೆಯದೂ ಚಿಪ್ಪನ್ನು ಕೆಡಿಸಬಲ್ಲದು. ಬಯಲುಸೀಮೆಯ ಚಳಿಗಾಲದ ಒಣಹವೆಯಲ್ಲಿ ಇದರ ಭಯ ಹೆಚ್ಚಾದ್ದರಿಂದ, ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮೊದಲು ಮುಟ್ಟಿ, ಬಳಿಕ ಪಟ್ಟಿಯನ್ನು ಅಂಚುಗಳಲ್ಲಷ್ಟೇ ಹಿಡಿಯುವುದು ಕ್ಷೇಮ.

ಹಳೆಯ ಪಟ್ಟಿಯನ್ನು ತೆಗೆಯಬೇಕಿದ್ದರೆ ಎರಡು ಬದಿಯ ಕೊಂಡಿಗಳನ್ನು ಉಗುರಿನಿಂದ ಮೆಲ್ಲಗೆ ಹೊರಕ್ಕೆ ಸರಿಸಿದರಾಯಿತು, ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹೊಸದು ಒಳಹೋಗುವುದೂ ಅದೇ ಓರೆಯಲ್ಲಿ, ಸುಮಾರು 30 ಡಿಗ್ರಿ ಕೋನದಲ್ಲಿ. ಕಚ್ಚನ್ನು ಸ್ಲಾಟಿನೊಳಗಿನ ಗೂಟಕ್ಕೆ ಸರಿಹೊಂದಿಸಿ, ಚಿನ್ನದ ಬಣ್ಣದ ಸಾಲು ಬಹುತೇಕ ಮರೆಯಾಗುವ ತನಕ ಒಳಕ್ಕೆ ಒತ್ತಿದ ನಂತರವೇ ಕೆಳಕ್ಕೆ ಬಾಗಿಸಬೇಕು. ಆಗ ಕೊಂಡಿಗಳು ‘ಟಕ್’ ಎಂದು ಕಚ್ಚಿಕೊಳ್ಳುತ್ತವೆ. ಡಿಡಿಆರ್4ರ ಸಂಪರ್ಕಗಳ ನಡುವಿನ ಅಂತರ ಅರ್ಧ ಮಿಲಿಮೀಟರ್ ಮಾತ್ರ. ಅಷ್ಟು ಒತ್ತೊತ್ತಾದ ಸಾಲುಗಳು ಕಣ್ಣಳತೆಯನ್ನೇ ನಂಬಿದ ಕೈಗೆ ಸರಿಯಾಗಿ ಕೂಡುವುದು ಈ ಕಚ್ಚು, ಗೂಟ, ಕೊಂಡಿಗಳಿಂದ. ತಯಾರಕರು ಬಳಸುವವರ ಕೈಯನ್ನು ನೆನೆದು ರೂಪಿಸಿದ ಇದಕ್ಕಿಂತ ಸೊಗಸಾದ ಜೋಡಣೆ ಲ್ಯಾಪ್‌ಟಾಪಿನೊಳಗೆ ಬೇರೊಂದು ಸಿಗಲಾರದು.

ಮೊದಲ ಸಲ ಚಾಲೂ ಮಾಡಿದಾಗ ಪರದೆ ಕೆಲವು ಕ್ಷಣ, ಡಿಡಿಆರ್5 ಇದ್ದರೆ ಕೆಲವೊಮ್ಮೆ ಒಂದೆರಡು ನಿಮಿಷವೂ, ಕಪ್ಪಾಗಿಯೇ ಉಳಿದರೆ ಗಾಬರಿಯಾಗಬೇಕಿಲ್ಲ. ಪಟ್ಟಿಯ ಮೂಲೆಯ ಪುಟ್ಟ ಚಿಪ್ಪೊಂದರಲ್ಲಿ ಬರೆದಿಟ್ಟ ಗಾತ್ರ, ವೇಗ ಮುಂತಾದ ವಿವರಗಳನ್ನು ಓದಿಕೊಂಡು, ಪ್ರೊಸೆಸರ್ ಹೊಸ ಮೆಮೊರಿಯ ಜೊತೆ ಸಂಕೇತಗಳ ಕಾಲಮಾನವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಯಂತ್ರ ಎದ್ದ ಮೇಲೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ಕೆಟ್ಟ ಕೋಶಗಳಿದ್ದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ.

ಈಚಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ಈ ಸ್ಲಾಟೇ ಇಲ್ಲ. ರ‍್ಯಾಮ್ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಎಲ್‌ಪಿಡಿಡಿಆರ್ ಎಂಬ ಬಗೆಯ ಮೆಮೊರಿಗೆ ಪ್ರೊಸೆಸರಿನವರೆಗಿನ ತಂತಿದಾರಿ ತೀರ ಗಿಡ್ಡವಿರಬೇಕೆಂಬುದು ಇದಕ್ಕೆ ನಿಜವಾದ ತಾಂತ್ರಿಕ ಕಾರಣ. ಆದರೂ ಅದರ ಪರಿಣಾಮವಾಗಿ, ಕೊಳ್ಳುವ ದಿನ ಆರಿಸಿದ ಗಾತ್ರವೇ ಯಂತ್ರದ ಕೊನೆಯವರೆಗೂ ಉಳಿಯುತ್ತದೆ, ಒಂದು ಚಿಪ್ಪು ಕೆಟ್ಟರೆ ಇಡೀ ಬೋರ್ಡೇ ಕಸಕ್ಕೆ ಹೋಗುವ ಸಂಭವವಿರುತ್ತದೆ. ಇದನ್ನು ಅನಿವಾರ್ಯವೆಂದು ಒಪ್ಪಿ ಕೂರದ ಪ್ರಯತ್ನಗಳೂ ನಡೆದಿವೆ. 2022ರಲ್ಲಿ ಡೆಲ್ ತನ್ನ ಪ್ರೆಸಿಷನ್ ಸರಣಿಯಲ್ಲಿ ಬಳಸಿದ ಚಪ್ಪಟೆ ಮೆಮೊರಿ ಹಲಗೆಯ ಕಲ್ಪನೆಯನ್ನು, ಮೆಮೊರಿಯ ಮಾನಕಗಳನ್ನು ನಿಗದಿಪಡಿಸುವ ಜೆಡೆಕ್ ಸಂಸ್ಥೆ ಬೆಳೆಸಿ, 2023ರ ಡಿಸೆಂಬರಿನಲ್ಲಿ ಕ್ಯಾಮ್2 ಎಂಬ ಮಾನಕವಾಗಿ ಪ್ರಕಟಿಸಿತು. 2024ರಲ್ಲಿ ಲೆನೊವೊದ ಥಿಂಕ್‌ಪ್ಯಾಡ್ ಪಿ1ರ ಏಳನೆಯ ಪೀಳಿಗೆ ಅದರ ಎಲ್‌ಪಿಡಿಡಿಆರ್ ರೂಪವನ್ನೇ ಹೊತ್ತು ಬಂತು. ಅದರಲ್ಲಿ ಓರೆ ಸ್ಲಾಟೂ ಇಲ್ಲ, ಕೊಂಡಿಯೂ ಇಲ್ಲ. ಹಲಗೆಯನ್ನು ಸಂಪರ್ಕಬಿಂದುಗಳ ಮೇಲೆ ಮಲಗಿಸಿ ಸ್ಕ್ರೂಗಳಿಂದ ಬಿಗಿದರೆ, ಬೆಸುಗೆಯಿಲ್ಲದೆ ಆಗದೆಂದುಕೊಂಡಿದ್ದ ಆ ಮೆಮೊರಿಯೂ ಸ್ಕ್ರೂಡ್ರೈವರಿನಿಂದ ಕಳಚಿ ಬದಲಿಸುವಂಥದಾಗುತ್ತದೆ.